ತೊಟ್ಟಿಗೆ ಸಬ್ಸಿಡಿ ಸಿಗುತ್ತದೆ, ಮೀನು ಮಾರಲು ಜಾಗ ಎಲ್ಲಿ?

ಮಾನ್ಯ ಸಂಪಾದಕರೇ,

ನಿಮ್ಮ ಕೃಷಿ ಪುಟದಲ್ಲಿ ಆರ್‌ಎಎಸ್ (ತೊಟ್ಟಿಯ ನೀರು ಮರುಬಳಕೆ) ಪದ್ಧತಿಯ ಮೀನು ಸಾಕಣೆ ಬಗ್ಗೆ ಬಂದ ಬರಹ ಓದಿದೆ. ತೊಟ್ಟಿ ಎಷ್ಟು, ಸಬ್ಸಿಡಿ ಎಷ್ಟು, ಬೆಳೆಗೆ ಎಷ್ಟು ಟನ್ ಮೀನು ಬರುತ್ತದೆ, ಎಲ್ಲಾ ಇತ್ತು. ಆ ಮೀನನ್ನು ಯಾರಿಗೆ, ಯಾವ ರೇಟಿಗೆ ಮಾರಬೇಕು ಅನ್ನೋದಕ್ಕೆ ಮಾತ್ರ ಕೊನೆಯಲ್ಲಿ ಒಂದೇ ಸಾಲು, 'ಉತ್ತಮ ಮಾರುಕಟ್ಟೆ ಇದೆ' ಅಂತ. ನಾನು ಬೀಳಗಿ ತಾಲೂಕಿನಲ್ಲಿ ಒಂದು ಸಣ್ಣ ಘಟಕ ನಡೆಸುತ್ತಿದ್ದೇನೆ. ಮಾರುಕಟ್ಟೆ ಇಲ್ಲ ಅಂತ ನಾನೂ ಹೇಳಲ್ಲ. ಆದರೆ ಅದು ಎಲ್ಲಾ ಮೀನಿಗೂ ಇಲ್ಲ, ಎಲ್ಲಾ ತಿಂಗಳೂ ಇಲ್ಲ, ಐಸ್ ಹಾಕಿದ ತೊಟ್ಟಿ ಮೀನಿಗಂತೂ ಇಲ್ಲವೇ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಆರ್‌ಎಎಸ್ ಅಂದರೆ ಒಂದೇ ನೀರನ್ನು ಸೋಸಿ ಸೋಸಿ ಮತ್ತೆ ಬಳಸೋದು. ತೊಟ್ಟಿಯಿಂದ ಬಂದ ನೀರಿನ ಹೊಲಸು, ಉಳಿದ ಆಹಾರ ಎಲ್ಲಾ ಮೊದಲ ಫಿಲ್ಟರ್‌ನಲ್ಲಿ ನಿಲ್ಲುತ್ತದೆ. ಆಮೇಲೆ ಬಯೋಫಿಲ್ಟರ್. ಅಲ್ಲಿನ ಬ್ಯಾಕ್ಟೀರಿಯಾಗಳು ಮೀನಿಗೆ ವಿಷವಾಗುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಅದನ್ನು ನೈಟ್ರೇಟ್ ಮಾಡುತ್ತವೆ. ನೀರಿಗೆ ಆಮ್ಲಜನಕ ಸೇರಿಸಿ ವಾಪಸ್ ತೊಟ್ಟಿಗೆ ಬಿಡೋದು. ದಿನಕ್ಕೆ ಹತ್ತರಲ್ಲಿ ಒಂದು ಪಾಲು ಹೊಸ ನೀರು ಸಾಕು, ಘಟಕ ಚೆನ್ನಾಗಿದ್ದರೆ ಅಷ್ಟೂ ಬೇಡ. ಬೋರ್‌ವೆಲ್ ನಂಬಿ ಕೂತ ನಮಗೆ ಇದು ಭಾಳ ದೊಡ್ಡ ಅನುಕೂಲ. ಆದರೆ ಪಂಪು, ನೀರಿಗೆ ಗಾಳಿ ಊದುವ ಬ್ಲೋವರ್ 24 ಗಂಟೆ ಓಡಬೇಕು. ಮೀನು ತುಂಬಿದ ತೊಟ್ಟಿಗೆ ಕರೆಂಟ್ ಹೋಗಿ, ಜನರೇಟರ್ ಹಚ್ಚೋದು ಅರ್ಧ ಗಂಟೆ ತಡವಾದರೆ ತಿಲಾಪಿಯಾ ಎಲ್ಲಾ ಮೇಲೆ ಬಂದು ಬಾಯಿ ಬಿಡತೊಡಗುತ್ತವೆ, ಇನ್ನೂ ತಡವಾದರೆ ಲೆಕ್ಕ ಅಲ್ಲಿಗೇ ಮುಗಿಯಿತು.

ಈಗ ರೇಟಿನ ಮಾತು. ಪಂಗಾಸಿಯಸ್ ತಗೊಳ್ಳಿ, ಹೋಟೆಲಿನವರು ಬಾಸಾ ಅಂತ ಮಾರುವ ಮೀನು. ಕೆಜಿ ಮೀನು ಬೆಳೆಯಲು ಒಂದೂಕಾಲರಿಂದ ಒಂದೂವರೆ ಕೆಜಿ ಫೀಡ್ ಬೇಕು, ಅಲ್ಲಿಗೇ 60 ರೂಪಾಯಿ ದಾಟುತ್ತದೆ. ಕರೆಂಟು ನನ್ನ ಘಟಕದಲ್ಲಿ ಕೆಜಿಗೆ ಹೆಚ್ಚೂ ಕಡಿಮೆ ನಾಲ್ಕು ಯೂನಿಟ್. ಮರಿ, ಆಳು, ಡೀಸೆಲ್ ಸೇರಿಸಿದರೆ ಸಾಲದ ಕಂತು ಬಿಟ್ಟೇ 110 ರೂಪಾಯಿ ಆಗುತ್ತದೆ. ಅದೇ ಮೀನು ಆಂಧ್ರದ ಭೀಮಾವರಂ, ಕೊಲ್ಲೇರು ಕಡೆಯಿಂದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿಕೊಂಡು ಲಾರಿಯಲ್ಲಿ ಇಲ್ಲಿಗೆ ಬಂದರೂ ಹೋಲ್‌ಸೇಲ್‌ನಲ್ಲಿ ಅಷ್ಟಕ್ಕೇ ಸಿಗುತ್ತದೆ, ಒಮ್ಮೊಮ್ಮೆ ಅದಕ್ಕಿಂತ ಕಡಿಮೆಗೂ. ಅವರದು ಎಕರೆಗಟ್ಟಲೆ ಕೆರೆ, ಮರಿ ಮಾಡುವ ಹ್ಯಾಚರಿ ಪಕ್ಕದಲ್ಲೇ, ಫೀಡ್ ಮಿಲ್ಲು ಪಕ್ಕದಲ್ಲೇ, ಐಸ್ ಫ್ಯಾಕ್ಟರಿಯೂ ಅಲ್ಲೇ. ಕಾಟ್ಲಾ, ರೋಹುವಿನ ಕಥೆಯೂ ಇದೇ, ಅದರ ಮೇಲೆ ನಮ್ಮ ಆಲಮಟ್ಟಿ ಹಿನ್ನೀರಿನ ಮೀನು ಬೇರೆ. ಹಿನ್ನೀರಿನ ಮೀನಿಗೆ ಫೀಡೂ ಇಲ್ಲ, ಕರೆಂಟೂ ಇಲ್ಲ. ಅವರ ಜೊತೆ ರೇಟಿನಲ್ಲಿ ಪೈಪೋಟಿಗೆ ಇಳಿಯೋದು ಎತ್ತಿನ ಗಾಡಿ ಕಟ್ಟಿಕೊಂಡು ಬಸ್ಸಿನ ಬೆನ್ನು ಹತ್ತಿದ ಹಾಗೆ.

ಸಬ್ಸಿಡಿ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಮಧ್ಯಮ ಘಟಕಕ್ಕೆ, ಅಂದರೆ ಆರು ತೊಟ್ಟಿ, ಬೆಳೆಗೆ 10 ಟನ್ ಗುರಿ, 25 ಲಕ್ಷದ ಅಂದಾಜು. ಸಾಮಾನ್ಯ ವರ್ಗಕ್ಕೆ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನ. ಶೇ 40ರವರಿಗೆ ಕೈಯಿಂದ ಬೀಳೋದು 15 ಲಕ್ಷ. ನೂರಕ್ಕೆ ಹತ್ತರ ಬಡ್ಡಿ ಹಿಡಿದರೂ ವರ್ಷಕ್ಕೆ ಒಂದೂವರೆ ಲಕ್ಷ. ಪೂರ್ತಿ 10 ಟನ್ ಬಂತು ಅಂತಲೇ ಇಟ್ಟುಕೊಳ್ಳಿ, ಕೆಜಿಗೆ 20 ರೂಪಾಯಿ ಉಳಿದರೆ 2 ಲಕ್ಷ. ಬಡ್ಡಿ ಕಟ್ಟಿದ ಮೇಲೆ ಉಳಿಯೋದು ಎಷ್ಟು ಅಂತ ನೀವೇ ನೋಡಿ. ಅಸಲಿನ ಮಾತು ಬಿಡಿ. 'ಬೈಬ್ಯಾಕ್ ಮಾಡ್ತೀವಿ, ಮೀನು ನಾವೇ ಕೊಳ್ತೀವಿ, ನೀವು ಬೆಳೆದರೆ ಸಾಕು' ಅಂತ ತೊಟ್ಟಿ ಮಾರಿ ಹೋದವರನ್ನು ನಂಬಿದವರು ನಮ್ಮ ಕಡೆ ಇದ್ದಾರೆ. ಮೀನು ತೂಕಕ್ಕೆ ಬಂದ ಮೇಲೆ ಆ ಪುಣ್ಯಾತ್ಮರ ಫೋನ್ ಸ್ವಿಚ್ ಆಫ್.

ಹಾಗಾದರೆ ಯಾವ ಮೀನು, ಯಾವಾಗ? ಬಾಗಲಕೋಟೆ, ವಿಜಯಪುರ, ಬೆಳಗಾವಿ, ನಮ್ಮ ಈ ಮೂರು ಜಿಲ್ಲೆಗಳ ಮೀನಿನ ಗಿರಾಕಿಯನ್ನು ಅರ್ಥ ಮಾಡಿಕೊಳ್ಳದೆ ಇದಕ್ಕೆ ಉತ್ತರ ಸಿಗಲ್ಲ. ಮೊದಲಿಗೆ, ಇಲ್ಲಿ ಮೀನು ತಿನ್ನದ ಮನೆಗಳೇ ಜಾಸ್ತಿ. ತಿನ್ನುವವರಲ್ಲೂ ಸೋಮವಾರ, ಗುರುವಾರ, ಶನಿವಾರ ಮುಟ್ಟದವರು ಬಹಳ, ಯಲ್ಲಮ್ಮನ ಒಕ್ಕಲಿನ ಮನೆಗಳಲ್ಲಿ ಮಂಗಳವಾರ, ಶುಕ್ರವಾರವೂ ಇಲ್ಲ. ಉಳಿದದ್ದು ರವಿವಾರ, ಬುಧವಾರ. ನಾಗರ ಅಮಾವಾಸ್ಯೆ ಬಂದು ಶ್ರಾವಣ ಹತ್ತಿತು ಅಂದರೆ ಒಂದು ತಿಂಗಳು ಅಂಗಡಿ ಮುಂದೆ ನೊಣ ಹೊಡೆಯೋದೇ ಕೆಲಸ. ತೊಟ್ಟಿಯ ಮೀನಿಗೆ ಶ್ರಾವಣ ಗೊತ್ತಾಗಲ್ಲ, ಅದು ತಿಂತಾನೇ ಇರುತ್ತದೆ, ಕರೆಂಟ್ ಮೀಟರ್ ತಿರುಗ್ತಾನೇ ಇರುತ್ತದೆ.

ಆದರೆ ಶ್ರಾವಣಕ್ಕೆ ಮುಂಚೆ ಒಂದು ಒಳ್ಳೆಯ ಗಳಿಗೆ ಇದೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಗೋವಾದಲ್ಲೂ ಅಷ್ಟೇ. ಬೆಳಗಾವಿಯ ಗಿರಾಕಿಗೆ ಬೇಕಾಗೋದು ಬಾಂಗಡಾ, ಸುರ್ಮಾಯಿಯಂಥ ಕಡಲ ಮೀನು. ಉಳಿದ ದಿನ ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಬೆಳಗಾಗುವಷ್ಟರಲ್ಲಿ ಬರುವ ಮೀನು ಆಗ ಬರಲ್ಲ, ಬಂದರೂ ಕೋಲ್ಡ್ ಸ್ಟೋರೇಜಿನದು, ರೇಟು ಕೇಳೋ ಹಾಗಿಲ್ಲ. ಕೃಷ್ಣೆಗೆ ಹೊಸ ನೀರು ಬಂದು ಹೊಳೆ ಜೋರಾದರೆ ಹಿನ್ನೀರಿನಲ್ಲೂ ಬಲೆ ಹಾಕೋದು ಕಷ್ಟ. ಮಾರುಕಟ್ಟೆ ಹಸಿದಿರುವ ಈ ಒಂದೂವರೆ, ಎರಡು ತಿಂಗಳಿಗೆ ಸರಿಯಾಗಿ ತೂಕಕ್ಕೆ ಬರುವಂತೆ ಮೀನು ಬೆಳೆಸೋದು ಆರ್‌ಎಎಸ್‌ನವರಿಗೆ ಸಾಧ್ಯ. ಹೊಂಡದವರು ಡಿಸೆಂಬರ್, ಜನವರಿಯ ಥಂಡಿಗೆ ಮೀನು ಮೇಯಲ್ಲ ಅಂತ ಕೈಕಟ್ಟಿ ಕೂರುತ್ತಾರೆ. ನಮ್ಮ ತೊಟ್ಟಿ ಶೆಡ್ಡಿನೊಳಗಿದೆ, ನೀರು ಬೆಚ್ಚಗೆ ಇಟ್ಟುಕೊಳ್ಳಬಹುದು. ದೀಪಾವಳಿ ಆಸುಪಾಸಿನಲ್ಲಿ ತಿಲಾಪಿಯಾ ಮರಿ ಬಿಟ್ಟರೆ ಮೃಗಶಿರ ಮಳೆ ಹೊತ್ತಿಗೆ ಅರ್ಧ ಕೆಜಿ ಮೀನು ಕೈಯಲ್ಲಿ. ('ಗಿಫ್ಟ್' ಅನ್ನೋ ಸುಧಾರಿತ ತಿಲಾಪಿಯಾ ತಳಿ ಸಾಕಲು ಇಲಾಖೆಯ ಅನುಮತಿ ಬೇಕು, ಆಫ್ರಿಕನ್ ಮಾಗೂರ್ ಮೀನಂತೂ ನಿಷೇಧ. ಬೇಗ ಬೆಳೆಯುತ್ತೆ ಅಂತ ಯಾರೋ ಹೇಳಿದರು ಅಂತ ತರಬೇಡಿ.) ಇಲಾಖೆಯವರು ತರಬೇತಿಯಲ್ಲಿ ಪಿಎಚ್, ಅಮೋನಿಯಾ ಎಲ್ಲಾ ಹೇಳುತ್ತಾರೆ, ಈ ಪಂಚಾಂಗದ ಲೆಕ್ಕ ಮಾತ್ರ ಯಾರೂ ಹೇಳಲ್ಲ.

ಎರಡನೆಯದು ಜೀವಂತ ಮೀನು. 2018ರಲ್ಲಿ ಗೋವಾದಲ್ಲಿ, ಮೀನು ಕೆಡದಂತೆ ಫಾರ್ಮಾಲಿನ್ ರಾಸಾಯನಿಕ ಹಾಕುತ್ತಾರೆ ಅಂತ ಗದ್ದಲ ಆಯಿತಲ್ಲ, ಅಂದಿನಿಂದ ಐಸ್ ಮೀನಿನ ಮೇಲೆ ಜನರಿಗೆ ಒಂದು ಅನುಮಾನ ಇದ್ದೇ ಇದೆ. ಕಣ್ಣ ಮುಂದೆ ಈಜುವ ಮೀನಿನ ಮೇಲೆ ಆ ಅನುಮಾನ ಬರಲ್ಲ. ಜಮಖಂಡಿಯಲ್ಲಿ ಒಂದು ರವಿವಾರ ಮುರೆಲ್ ಮಾರಲು ಕೂತಿದ್ದೆವು, ತೆಲುಗಿನವರು ಕೊರಮೀನು ಅನ್ನುತ್ತಾರಲ್ಲ, ಅದು. ಪಕ್ಕದ ಅಂಗಡಿಯ ಅವ್ವ ಐಸ್ ಮೀನಿನ ಕಿವಿರು ಎತ್ತಿ ಎತ್ತಿ 'ನೋಡ್ರಿ, ಕೆಂಪಗ ಐತಿ' ಅಂತ ಗಿರಾಕಿಗೆ ತೋರಿಸುತ್ತಿದ್ದಳು. ನಮ್ಮ ಟಬ್ಬಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದೆವು, ಆದರೂ ಒಂದು ಮೀನು ಹಾರಿ ಬಿದ್ದು ಗಟಾರದ ಕಡೆ ಹೊರಟೇಬಿಟ್ಟಿತು. ಅದನ್ನು ಹಿಡಿದು ತರುವಷ್ಟರಲ್ಲಿ ಸುತ್ತ ಜನ ಸೇರಿ, ಆಮೇಲೆ ತಕ್ಕಡಿ ಕೆಳಗಿಡಲು ಪುರಸೊತ್ತಾಗಲಿಲ್ಲ. ಕೆಜಿಗೆ 350 ಅಂದರೂ ಯಾರೂ ಚೌಕಾಶಿ ಮಾಡಲಿಲ್ಲ. ಅದೇ ದಿನ ಪಕ್ಕದಲ್ಲಿ ಪಂಗಾಸಿಯಸ್ ಅದರ ಅರ್ಧ ರೇಟಿಗೂ ಹೋಗುತ್ತಿರಲಿಲ್ಲ.

ಮುರೆಲ್ ಗಾಳಿಯನ್ನೇ ಉಸಿರಾಡಬಲ್ಲ ಮೀನು. ಮೈ ಒದ್ದೆಯಿದ್ದರೆ ಸ್ವಲ್ಪ ನೀರಿನಲ್ಲೇ ಗಂಟೆಗಟ್ಟಲೆ ಬದುಕಿರುತ್ತದೆ, ಆಮ್ಲಜನಕದ ಸಿಲಿಂಡರ್ ಹೊತ್ತು ತಿರುಗಬೇಕಿಲ್ಲ. ನಮ್ಮ ರಸ್ತೆಗೆ, ನಮ್ಮ ಬಿಸಿಲಿಗೆ ಇದಕ್ಕಿಂತ ಒಳ್ಳೆಯ ಮೀನು ಇಲ್ಲ. ತೆಲಂಗಾಣದ ರಾಜ್ಯ ಮೀನೂ ಇದೇ, ವಿಜಯಪುರದವರಿಗೆ ಹೈದರಾಬಾದಿನ ಗಿರಾಕಿಯೂ ಸಿಗಬಹುದು. ಹಾಗಂತ ಸುಲಭದ್ದಲ್ಲ. ಫೀಡ್ ದುಬಾರಿ, ಅಳತೆ ನೋಡಿ ಆಗಾಗ ಬೇರೆ ಮಾಡದಿದ್ದರೆ ದೊಡ್ಡದು ಸಣ್ಣದನ್ನು ನುಂಗಿಹಾಕುತ್ತದೆ.

ಇನ್ನೊಂದು ವಿಷಯ ನಮ್ಮ ಸಾಕಣೆದಾರರಿಗೇ ಹೇಳಬೇಕು. ಆರ್‌ಎಎಸ್ ಮೀನಿಗೆ ಒಮ್ಮೊಮ್ಮೆ ಮಣ್ಣಿನ ವಾಸನೆ ಬರುತ್ತದೆ. ನೀರಿನಲ್ಲಿ, ಫಿಲ್ಟರ್‌ನಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳು ಜಿಯೋಸ್ಮಿನ್ ಅನ್ನೋ ಪದಾರ್ಥ ಬಿಡುತ್ತವೆ, ಅದು ಕಿವಿರಿನ ಮೂಲಕ ಹೋಗಿ ಮೀನಿನ ಕೊಬ್ಬಿನಲ್ಲಿ ಕೂರುತ್ತದೆ. ಎಷ್ಟು ಮಸಾಲೆ ಅರೆದರೂ ಹೋಗಲ್ಲ. ಮಾರುವ ಮೊದಲು ಒಂದು ವಾರದಷ್ಟು ಬೇರೆ ತೊಟ್ಟಿಯ ಶುದ್ಧ ನೀರಿನಲ್ಲಿ, ಫೀಡ್ ಹಾಕದೆ ಬಿಡಬೇಕು. ತೂಕ ಸ್ವಲ್ಪ ಇಳಿಯುತ್ತದೆ, ಅದಕ್ಕೇ ಎಷ್ಟೋ ಜನ ಈ ಕೆಲಸ ಮಾಡಲ್ಲ. ಒಂದು ಮನೆಯಲ್ಲಿ ಸಾರು ಕೆಟ್ಟರೆ ಇಡೀ ಓಣಿ 'ತೊಟ್ಟಿ ಮೀನು ಬ್ಯಾಡ' ಅನ್ನುತ್ತದೆ. ಆಗ ಯಾವ ಸಬ್ಸಿಡಿಯೂ ಕಾಯಲ್ಲ.

ಈಗ ಪತ್ರ ಬರೆದ ಕಾರಣಕ್ಕೆ ಬರುತ್ತೇನೆ. ಅದೇ ಮತ್ಸ್ಯ ಸಂಪದ ಯೋಜನೆಯಲ್ಲಿ ಜೀವಂತ ಮೀನು ಮಾರಾಟ ಕೇಂದ್ರಕ್ಕೆ 20 ಲಕ್ಷದ ಘಟಕ ವೆಚ್ಚ ಇದೆ, ಮೀನು ಕಿಯೋಸ್ಕ್‌ಗೆ 10 ಲಕ್ಷ, ಐಸ್ ಪೆಟ್ಟಿಗೆಯ ತ್ರಿಚಕ್ರ ವಾಹನಕ್ಕೆ 3 ಲಕ್ಷ. ನಮ್ಮ ಕಡೆ ಅರ್ಜಿ ಹಾಕುವವರೆಲ್ಲ ತೊಟ್ಟಿಗೇ ಹಾಕುತ್ತಾರೆ, ಮಾರಾಟ ಕೇಂದ್ರ ಕೇಳಿದವರು ನನ್ನ ಕಣ್ಣಿಗೆ ಬಿದ್ದಿಲ್ಲ. ತಪ್ಪು ಅವರದೊಂದೇ ಅಲ್ಲ. ತೊಟ್ಟಿ ಕಟ್ಟಲು ಸ್ವಂತ ಹೊಲ ಇದೆ, ಊರ ನಡುವೆ ನೀರು, ಕರೆಂಟು, ಗಟಾರ ಇರುವ ಮಳಿಗೆ ಎಲ್ಲಿಂದ ತರೋದು? ಬಾಡಿಗೆಗೆ ಕೇಳಿದರೆ ಮೀನು ಅಂದ ಕೂಡಲೇ ಮಾಲೀಕರು ಬಾಗಿಲು ಹಾಕುತ್ತಾರೆ. ಇದನ್ನು ನಗರಸಭೆ, ಮಹಾನಗರ ಪಾಲಿಕೆಗಳೇ ಮಾಡಬೇಕು.

ನಾವು ಕೇಳೋದು ಇಷ್ಟು. ಬಾಗಲಕೋಟೆ ನವನಗರದಲ್ಲಿ, ವಿಜಯಪುರದಲ್ಲಿ, ಬೆಳಗಾವಿಯಲ್ಲಿ ಒಂದೊಂದು ಜೀವಂತ ಮೀನು ಮಳಿಗೆಗೆ ಜಾಗ ಕೊಡಿ, ಮೂರ್ನಾಲ್ಕು ಸಾಕಣೆದಾರರು ಸೇರಿ ವಾರ ಹಂಚಿಕೊಂಡು ನಡೆಸುತ್ತೇವೆ. ಬಾಡಿಗೆ ಬಿಟ್ಟಿ ಬೇಡ, ಕೊಡುತ್ತೇವೆ. ಹೊಸ ಆರ್‌ಎಎಸ್ ಘಟಕ ಮಂಜೂರು ಮಾಡುವಾಗ ಯಾವ ಮೀನು, ಯಾವ ತಿಂಗಳು, ಎಲ್ಲಿ ಮಾರುತ್ತೀಯಪ್ಪ ಅಂತ ಕೇಳಿ ಬರೆಸಿಕೊಳ್ಳಲಿ. ವಿಜಯಪುರದ ಭೂತನಾಳದಲ್ಲಿ ಮೀನುಗಾರಿಕೆ ಸಂಶೋಧನಾ ಕೇಂದ್ರ ಇದೆ, ಹೋಟೆಲಿನವರನ್ನೂ ಸಾಕಣೆದಾರರನ್ನೂ ಮೇ ತಿಂಗಳಲ್ಲಿ ಒಮ್ಮೆ ಅಲ್ಲಿ ಕೂರಿಸಿದರೆ ಜೂನ್ ವ್ಯಾಪಾರ ಅಲ್ಲೇ ಕುದುರುತ್ತದೆ. ಜಾಗದ ಬಗ್ಗೆ ನಗರಸಭೆಗೆ ಬರೆದ ಅರ್ಜಿ ತಯಾರಿದೆ, ಅದರ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಮುಂದಿನ ಸಲ ಆರ್‌ಎಎಸ್ ಬಗ್ಗೆ ಬರೆಯುವಾಗ ತೊಟ್ಟಿಯ ಫೋಟೋ ಜೊತೆಗೆ ಮೀನು ಮಾರಿದ ಬಿಲ್ಲನ್ನೂ ಕೇಳಿ ಪ್ರಕಟಿಸಿ.

ಇಂತಿ,
ಒಬ್ಬ ಮೀನು ಸಾಕಣೆದಾರ
ಬೀಳಗಿ ತಾಲೂಕು, ಬಾಗಲಕೋಟೆ ಜಿಲ್ಲೆ