ಮಗಳಿಗೊಂದು ಪತ್ರ: ನೀಲಿ ಬೋರ್ಡಿನ ಮೇಲಿನ ಹೆಸರು

ಪುಟ್ಟಿ,

ಹನೋಯಿಯಿಂದ ನೀನು ಕಳಿಸಿದ ಫೋಟೋ ಎಲ್ಲ ನೋಡಿದೆ. ಕಾಫಿಗೆ ಯಾರಾದರೂ ಮೊಟ್ಟೆ ಹಾಕ್ತಾರಾ ಅಂತ ಅಮ್ಮ ಎರಡು ದಿನದಿಂದ ಕೇಳುತ್ತಿದ್ದಾಳೆ. ನನ್ನ ಕಣ್ಣು ಬಿದ್ದದ್ದು ಇನ್ನೊಂದು ಫೋಟೋ ಮೇಲೆ. ಸಾಲುಮರದ ಕೆಳಗೆ ನಿಂತಿದ್ದೀಯಲ್ಲ, ನಿನ್ನ ಹಿಂದೆ ನೀಲಿ ಬೋರ್ಡ್ ಇದೆ. ಫಾನ್ ದಿನ್ ಫುಂಗ್. ಯಾರಮ್ಮ ಇದು ಅಂತ ಕೇಳಿದರೆ, "ಗೊತ್ತಿಲ್ಲಪ್ಪ, ಎಲ್ಲರೂ ಇಲ್ಲೇ ಫೋಟೋ ತೆಗೆಸಿಕೊಳ್ತಾರೆ" ಅಂದೆ. ರಿಟೈರ್ ಆದವನಿಗೆ ಇನ್ನೇನು ಕೆಲಸ. ಕೂತು ಓದಿದೆ.

ಈ ಫುಂಗ್ ಹುಟ್ಟಿದ್ದು 1847ರಲ್ಲಿ, ವಿಯೆಟ್ನಾಮಿನ ಹಾ ತಿನ್ ಸೀಮೆಯ ದೋಂಗ್ ಥಾಯ್ ಎಂಬ ಹಳ್ಳಿಯಲ್ಲಿ. ತಲೆತಲಾಂತರದಿಂದ ಓದಿ, ಪರೀಕ್ಷೆ ಪಾಸು ಮಾಡಿ, ರಾಜನ ಕೈಕೆಳಗೆ ಕೆಲಸಕ್ಕೆ ಸೇರುವ ಮನೆತನ. 1877ರಲ್ಲಿ ರಾಜಧಾನಿ ಹುವೆಯಲ್ಲಿ ನಡೆದ ಅರಮನೆ ಪರೀಕ್ಷೆಯಲ್ಲಿ ಇವನೇ ಮೊದಲು. ಐಎಎಸ್ ಮೊದಲ ರ‍್ಯಾಂಕ್ ಅಂದುಕೋ. ಆಮೇಲೆ ಅಧಿಕಾರಿಗಳ ತಪ್ಪು ಹಿಡಿದು ದೊರೆಗೆ ಹೇಳುವ ಹುದ್ದೆ ಸಿಕ್ಕಿತು. ಅಧಿಕಾರಿಗಳೆಲ್ಲ ಬಂದೂಕು ಹೊಡೆಯುವುದನ್ನು ಅಭ್ಯಾಸ ಮಾಡಬೇಕು ಅಂತ ಅರಮನೆಯ ಆಜ್ಞೆ ಇತ್ತು. ಹೆಚ್ಚಿನವರು ಅದನ್ನು ಆಟ ಮಾಡಿಕೊಂಡಿದ್ದರು. ಇವನು ಅದನ್ನೂ ಬಯಲಿಗೆಳೆದ. ಇಂಥವನಿಗೆ ಆಫೀಸಿನಲ್ಲಿ ಎಷ್ಟು ಜನ ಸ್ನೇಹಿತರಿದ್ದಿರಬಹುದು ಯೋಚಿಸು.

1883ರಲ್ಲಿ ದೊರೆ ತು ದುಕ್ ತೀರಿಕೊಂಡ. ಅವನು ಹೆಸರಿಸಿಹೋದ ವಾರಸುದಾರನನ್ನು ಮೂರೇ ದಿನದಲ್ಲಿ ಕೆಳಗಿಳಿಸಿದರು. ಇಳಿಸಿದವರಲ್ಲಿ ಮುಖ್ಯನಾದವನು ತೋನ್ ಥಾತ್ ಥುಯೆತ್, ಸೈನ್ಯ ಕೈಯಲ್ಲಿಟ್ಟುಕೊಂಡಿದ್ದವನು. ತುಂಬಿದ ದರ್ಬಾರಿನಲ್ಲಿ ಫುಂಗ್ ಎದ್ದು ನಿಂತು ಇದು ತಪ್ಪು ಅಂದ. ಜೈಲಿಗೆ ಹಾಕಿದರು. ಕೆಲಸ ಕಿತ್ತುಕೊಂಡು ಊರಿಗೆ ಅಟ್ಟಿದರು.

ಎರಡು ವರ್ಷ ಕಳೆಯಿತು. 1885ರ ಜುಲೈಯಲ್ಲಿ ಅದೇ ಥುಯೆತ್, ದೇಶವನ್ನು ಕೈವಶ ಮಾಡಿಕೊಳ್ಳುತ್ತಿದ್ದ ಫ್ರೆಂಚರ ಮೇಲೆ ಹುವೆಯಲ್ಲಿ ಬಿದ್ದು ಸೋತ. ಇನ್ನೂ ಹುಡುಗನಾಗಿದ್ದ ದೊರೆ ಹಾಮ್ ನ್ಗಿಯನ್ನು ಕರೆದುಕೊಂಡು ಬೆಟ್ಟ ಹತ್ತಿದ. ರಾಜನ ನೆರವಿಗೆ ಬನ್ನಿ ಅಂತ ಊರೂರಿಗೆ ಕರೆ ಹೋಯಿತು. ಈ ದಂಗೆಗೆ ಬಿದ್ದ ಹೆಸರೇ ಕಾನ್ ವುವಾಂಗ್, ರಾಜನಿಗೆ ನೆರವು ಅಂತ ಅರ್ಥ. ತನ್ನನ್ನು ಜೈಲಿಗೆ ಕಳಿಸಿದವನ ಕರೆಗೆ ಫುಂಗ್ ಓಗೊಟ್ಟ. ಇಲ್ಲಿ ನಾನು ಓದುವುದು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ನಾನಾಗಿದ್ದರೆ, ಆಗ ಬೇಡವಾಗಿದ್ದವನು ಈಗ್ಯಾಕೆ ಬೇಕು ಅಂತ ಕೇಳಿರುತ್ತಿದ್ದೆ.

ಈಗ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಬೋರ್ ಆದರೂ ಓದು. ನಿಮ್ಮಪ್ಪ ಮೂವತ್ತು ವರ್ಷ ಲೇತ್ ಮುಂದೆ ನಿಂತವನು.

ಫುಂಗ್‌ನ ಬಲಗೈ ಕಾವ್ ಥಾಂಗ್. ಹುಡುಗನಾಗಿದ್ದಾಗ ಡಕಾಯಿತರ ಗುಂಪಿನಲ್ಲಿದ್ದವನು. ಓದಿದ್ದು ಅಷ್ಟಕ್ಕಷ್ಟೇ, ಕೈಕೆಲಸದಲ್ಲಿ ಮಾತ್ರ ಭಾರಿ ಚುರುಕು. ಫುಂಗ್ ಇವನಿಗೆ ಎಲ್ಲ ಒಪ್ಪಿಸಿ ಬೇರೆ ನಾಯಕರ ನೆರವು ಹುಡುಕಿಕೊಂಡು ಉತ್ತರಕ್ಕೆ ಹೋದ. ಇವನು ಇತ್ತ ಫ್ರೆಂಚರಿಂದ ಕಿತ್ತುಕೊಂಡ 1874ರ ಮಾದರಿಯ ರೈಫಲನ್ನು ಬಿಚ್ಚಿ, ಒಂದೊಂದು ಭಾಗವನ್ನೂ ನೋಡಿ, ಅಂಥದ್ದನ್ನೇ ಮಾಡಿಸಲು ಕೂತ. ತ್ರುಂಗ್ ಲುವಾಂಗ್, ವಾನ್ ಚಾಂಗ್ ಅಂತ ಕಮ್ಮಾರರ ಊರುಗಳಿವೆ, ಅಲ್ಲಿಂದ ಜನ ಬಂದರು. ಲೇತ್ ಇಲ್ಲ, ಮಿಲ್ಲಿಂಗ್ ಮೆಷಿನ್ ಇಲ್ಲ. ಕುಲುಮೆ, ಸುತ್ತಿಗೆ, ಅರ. ಸ್ಪ್ರಿಂಗಿಗೆ ಛತ್ರಿ ಕಡ್ಡಿ ಬಳಸಿದರು ಅಂತಾರೆ. ಹೀಗೆ ಸುಮಾರು 300 ಬಂದೂಕು ತಯಾರಾದವು.

ಆಮೇಲೆ ಅವನ್ನು ನೋಡಿದ ಗೊಸಲಾಂ ಎಂಬ ಫ್ರೆಂಚ್ ಕ್ಯಾಪ್ಟನ್ ಬೆರಗಾಗಿ ಬರೆದಿಟ್ಟಿದ್ದಾನೆ. ಅವನಿಗೆ ಕಂಡ ಕೊರತೆ ಎರಡು. ಸ್ಪ್ರಿಂಗ್ ಹದ ಸಾಲದು. ನಳಿಗೆಯ ಒಳಗೆ ಸುರುಳಿ ಗ್ರೂವ್ ಇಲ್ಲ. ಪುಟ್ಟಿ, ಆ ಗ್ರೂವ್ ಇದ್ದರೇ ಗುಂಡು ಬುಗುರಿ ಹಾಗೆ ತಿರುಗುತ್ತಾ ನೇರ ಹೋಗೋದು. ಇಲ್ಲದಿದ್ದರೆ ದೂರವೂ ಹೋಗಲ್ಲ, ಗುರಿಯೂ ತಪ್ಪುತ್ತದೆ. ಅದಕ್ಕೆ ಬೇರೆಯೇ ಮೆಷಿನ್ ಬೇಕು. ಕಾಡಿನಲ್ಲಿ ಅದನ್ನು ಎಲ್ಲಿಂದ ತರೋದು? ಮಿಕ್ಕಿದ್ದನ್ನೆಲ್ಲ ಮಾಡಿದರಲ್ಲ! ನಮ್ಮ ಶಾಪ್‌ನಲ್ಲಿ ಡ್ರಾಯಿಂಗ್, ಮೈಕ್ರೋಮೀಟರ್ ಎರಡೂ ಕೈಯಲ್ಲಿದ್ದು ಪೀಸ್ ರಿಜೆಕ್ಟ್ ಮಾಡುತ್ತಿದ್ದವರು ನೆನಪಾದರು. ಅವರಲ್ಲಿ ನಾನೂ ಒಬ್ಬ.

1893ರಲ್ಲಿ ಒಂದು ಠಾಣೆಯ ಮೇಲೆ ನುಗ್ಗುವಾಗ ಕಾವ್ ಥಾಂಗ್ ಗುಂಡೇಟಿಗೆ ಸತ್ತ. ಮೂವತ್ತರ ಹತ್ತಿರದ ಹುಡುಗ. ಅಲ್ಲಿಂದ ಫುಂಗ್‌ನ ಕಡೆ ಇಳಿಮುಖವೇ. 1894ರಲ್ಲಿ ವು ಕ್ವಾಂಗ್ ಬೆಟ್ಟದಲ್ಲಿ ಹೊಳೆಗೆ ಕಟ್ಟೆ ಕಟ್ಟಿ, ಶತ್ರುಗಳು ದಾಟುವಾಗ ಮರದ ದಿಮ್ಮಿಗಳ ಸಮೇತ ನೀರು ಬಿಟ್ಟು ಒಮ್ಮೆ ದೊಡ್ಡದಾಗಿ ಗೆದ್ದರು. ದೊಡ್ಡ ಗೆಲುವು ಅಂತ ಆದದ್ದು ಅದೇ ಕೊನೆ.

ಇನ್ನೊಂದು ವಿಷಯ ಇದೆ, ಅದು ನನಗೆ ಇನ್ನೂ ಜೀರ್ಣವಾಗಿಲ್ಲ. ಶರಣಾಗಲಿ ಅಂತ ಫ್ರೆಂಚರು ಅವನ ಹಿರಿಯರ ಗೋರಿಗಳನ್ನು ಅಗೆಸಿದರು. ಅಣ್ಣನನ್ನು ಹಿಡಿದಿಟ್ಟರು. ಫುಂಗ್ ಅಂದನಂತೆ: ನನಗಿರೋದು ಒಂದೇ ದೊಡ್ಡ ಗೋರಿ, ಅದು ಈ ನಾಡು. ನನ್ನ ಅಣ್ಣ ಅಂದರೆ ಈ ನಾಡಿನ ಕೋಟ್ಯಂತರ ಜನ. ಅಲ್ಲಿಗೇ ನಿಲ್ಲಲಿಲ್ಲ. ಅಣ್ಣನನ್ನು ಕಡಿದು ಬೇಯಿಸಿದರೆ ಆ ಸಾರಿನಲ್ಲಿ ಒಂದಿಷ್ಟು ನನಗೂ ಕಳಿಸಿ ಅಂದನಂತೆ. ಚೀನಾದ ಹಳೇ ಕಥೆಯೊಂದರಲ್ಲಿ ಶತ್ರುವಿನ ಕೈಗೆ ತಂದೆ ಸೆರೆಸಿಕ್ಕಿದ್ದಾಗ ನಾಯಕನೊಬ್ಬ ಆಡುವ ಮಾತು ಅದು. ಅದೆಲ್ಲ ಓದಿದವನ ಬಾಯಿಗೆ ತಾನಾಗಿ ಬಂದಿರಬೇಕು. ಓದಿ ಮೈ ಜುಮ್ಮೆಂದಿತು. ಮೆಚ್ಚಿ ಅಲ್ಲ. ಜೈಲಿನಲ್ಲಿದ್ದ ಆ ಅಣ್ಣನ ಕಿವಿಗೂ ಈ ಮಾತು ಬಿದ್ದಿತ್ತಾ? ನಿನ್ನ ದೊಡ್ಡಪ್ಪನೂ ನಾನೂ ಮಾತು ಬಿಟ್ಟು ಎರಡು ವರ್ಷವಾಯಿತು, ನಿನಗೆ ಗೊತ್ತಲ್ಲ. ಆದರೂ ಅವನನ್ನು ಹಿಡಿದಿಟ್ಟರೆ ನಾನು ಅವತ್ತೇ ಬೆಟ್ಟ ಇಳಿದು ಬಂದಿರುತ್ತಿದ್ದೆ. ಅದಕ್ಕೇ ನನ್ನ ಹೆಸರಲ್ಲಿ ರಸ್ತೆ ಇಲ್ಲ ಬಿಡು.

ಅವನ ಊರಿನವನೇ ಹ್ವಾಂಗ್ ಕಾವ್ ಖಾಯ್, ಫ್ರೆಂಚರ ಕಡೆ ಸೇರಿ ದೊಡ್ಡ ಅಧಿಕಾರಿಯಾಗಿದ್ದವನು. ನಿನ್ನ ಹಟಕ್ಕೆ ಊರವರು ನರಳುತ್ತಿದ್ದಾರೆ, ಸಾಕು ಮಾಡು ಅಂತ ಕಾಗದ ಬರೆದ. ಚೀನಾದಂಥ ದೊಡ್ಡ ದೇಶ ಪಕ್ಕದಲ್ಲಿದ್ದೂ ನಮ್ಮ ಪುಟ್ಟ ನಾಡು ಉಳಿದುಕೊಂಡು ಬಂದಿದೆ ಎಂದು ನೆನಪಿಸಿ ಫುಂಗ್ ಆಗಲ್ಲ ಅಂದ. ಖಾಯ್ ಕೇಳಿದ್ದು ಪೂರ್ತಿ ಸುಳ್ಳಲ್ಲ ಅಂತ ನನಗೆ ಅನಿಸಿತು. ಊರು ಸುಟ್ಟಿದ್ದು ನಿಜ. ಆದರೆ ಸುಟ್ಟವರ ಜೊತೆ ಊಟಕ್ಕೆ ಕೂತವನು ಅದನ್ನು ಹೇಳಬಾರದು.

ಇಷ್ಟೆಲ್ಲ ಯಾರಿಗಾಗಿ? ಹಾಮ್ ನ್ಗಿ 1888ರಲ್ಲೇ ಸಿಕ್ಕಿಬಿದ್ದಿದ್ದ. ಅವನನ್ನು ಆಫ್ರಿಕಾದ ಅಲ್ಜೀರಿಯಾಗೆ ಸಾಗಿಸಿದರು. ಅಲ್ಲಿ ಚಿತ್ರ ಬರೆಯೋದು ಕಲಿತು ಒಳ್ಳೇ ಕಲಾವಿದನಾದ, 1944ರವರೆಗೂ ಬದುಕಿದ್ದ. ದೊರೆ ಅಲ್ಲಿ, ಅವನ ಹೆಸರಿನ ದಂಗೆ ಇಲ್ಲಿ ಮತ್ತೆ ಏಳು ವರ್ಷ.

ಕೊನೆಗೆ ಫುಂಗ್‌ನನ್ನು ಕೊಂದದ್ದು ಗುಂಡಲ್ಲ, ಆಮಶಂಕೆ. 1895-96ರ ಚಳಿಗಾಲ. ಬೆನ್ನಟ್ಟಿ ಬಂದ ವಿಯೆಟ್ನಾಮಿ ಅಧಿಕಾರಿ ನ್ಗುಯೆನ್ ಥಾನ್ ಹೆಣವನ್ನು ಅಗೆಸಿ ತೆಗೆದು ಸುಟ್ಟ. ಬೂದಿಯನ್ನು ಮದ್ದಿನ ಪುಡಿಗೆ ಬೆರೆಸಿ ಫಿರಂಗಿಯಲ್ಲಿ ಹಾರಿಸಿದರು ಅಂತಲೂ ಹೇಳುತ್ತಾರೆ.

ನೀನು ನಿಂತಿದ್ದ ರಸ್ತೆಗೆ ಫ್ರೆಂಚರ ಕಾಲದಲ್ಲಿ ಕಾರ್ನೋ ಅಂತ ಹೆಸರಿತ್ತು. ಅದೇ ರಸ್ತೆಯಲ್ಲಿ ಹಳೇ ಕೋಟೆಯ ಉತ್ತರ ಬಾಗಿಲಿದೆ, ಒಂದು ಫೋಟೋದಲ್ಲಿ ಅರ್ಧ ಕಾಣುತ್ತದೆ. 1882ರ ಏಪ್ರಿಲ್ 25ರಂದು ನದಿಯಲ್ಲಿದ್ದ ಫ್ರೆಂಚ್ ಹಡಗುಗಳು ಹೊಡೆದ ಗುಂಡಿನ ಗುರುತು ಅದರ ಗೋಡೆಯಲ್ಲಿ ಎರಡಿವೆ, ಮುಚ್ಚದೆ ಹಾಗೇ ಬಿಟ್ಟಿದ್ದಾರೆ. ಹೊರಡೋಕೆ ಇನ್ನೂ ಎರಡು ದಿನ ಇದೆ ಅಲ್ವಾ? ಇನ್ನೊಂದು ಸಲ ಹೋಗಿ ಹತ್ತಿರದಿಂದ ನೋಡು. ಎಷ್ಟು ಆಳ ಇದೆ, ಅಂಚು ಹೇಗೆ ಒಡೆದಿದೆ ಹೇಳು. ಪಕ್ಕದಲ್ಲಿ ಯಾರನ್ನಾದರೂ ನಿಲ್ಲಿಸಿ ಫೋಟೋ ತೆಗಿ, ಅಳತೆ ಗೊತ್ತಾಗಲಿ.

ಅಪ್ಪ