ಮೇಳಕ್ಕೆ ಮೊದಲು ಪೇಟೆಂಟ್ ಅರ್ಜಿ

ಮಾನ್ಯರೇ,

ಸರ್ಕಾರಿ ಸಂಶೋಧನಾ ಸಂಸ್ಥೆಯೊಂದರಲ್ಲಿ ಪೇಟೆಂಟ್ ವಕೀಲನಾಗಿದ್ದು, ನಿವೃತ್ತಿಯ ನಂತರ ತೀರ್ಥಹಳ್ಳಿಯಲ್ಲಿ ನೆಲೆಸಿರುವ ನನಗೆ, ಮಲೆನಾಡಿನ ಕೃಷಿ ಮೇಳಗಳಲ್ಲಿ ಅಡಿಕೆ ಸುಲಿಯುವ ಹೊಸ ಯಂತ್ರಗಳನ್ನು ಕಂಡಾಗ ಸಂತೋಷದೊಂದಿಗೆ ಆತಂಕವೂ ಆಗುತ್ತದೆ. ಅರ್ಜಿ ಸಲ್ಲಿಸುವ ಮುನ್ನವೇ ಮುಚ್ಚಳ ತೆಗೆದು, ಬ್ಲೇಡಿನ ಕೋನ, ರೋಲರಿನ ಅಂತರಗಳನ್ನೆಲ್ಲ ಜನರಿಗೆ ವಿವರಿಸಿಬಿಟ್ಟರೆ, ಹೊಸತನವಿಲ್ಲವೆಂಬ ಕಾರಣಕ್ಕೆ ಪೇಟೆಂಟ್ ಕೈತಪ್ಪಬಹುದು. 1970ರ ಪೇಟೆಂಟ್ ಕಾಯ್ದೆಯ 31ನೇ ಸೆಕ್ಷನ್, ಹೀಗೆ ಬಹಿರಂಗವಾದ ಮೇಲೂ ಅರ್ಜಿ ಸಲ್ಲಿಸಲು 12 ತಿಂಗಳ ವಿನಾಯಿತಿ ನೀಡುತ್ತದೆ, ನಿಜ. ಆದರೆ ಪ್ರದರ್ಶನಗಳ ಮಟ್ಟಿಗೆ ಅದು ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಅಧಿಸೂಚಿಸಿದವುಗಳಿಗಷ್ಟೇ ಅನ್ವಯಿಸುತ್ತದೆ.

ವಿಜ್ಞಾನಿಗಳೂ ಇದಕ್ಕೆ ಹೊರತಲ್ಲ. ಪ್ರಬಂಧ ಅಚ್ಚಾದ ಮೇಲೆ ಕಡತ ಹಿಡಿದು ಬಂದವರನ್ನು (ಬಡ್ತಿಗೆ ಪ್ರಬಂಧ ಬೇಕಲ್ಲ!) ನಾನು ಬರಿಗೈಯಲ್ಲಿ ಕಳುಹಿಸಬೇಕಾಗುತ್ತಿತ್ತು.

ಬೇಸಾಯದ ವಿಧಾನಕ್ಕೆ ನಮ್ಮ ಕಾಯ್ದೆಯಲ್ಲಿ ಪೇಟೆಂಟ್ ಇಲ್ಲ, ಹೊಸ ಯಂತ್ರಕ್ಕೆ ಸಿಗಬಹುದು. ಮೊದಲು ತಾತ್ಕಾಲಿಕ ವಿವರಣೆ (ಆವಿಷ್ಕಾರದ ಪ್ರಾಥಮಿಕ ವಿವರ) ಸಲ್ಲಿಸಿ, ಪೂರ್ಣ ವಿವರಣೆಯನ್ನು 12 ತಿಂಗಳೊಳಗೆ ಕೊಡಬಹುದು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಯ ವ್ಯಾಪ್ತಿಗೆ ಬರುತ್ತವೆಯಾದರೂ ಶಿವಮೊಗ್ಗದಲ್ಲಿ ಕುಳಿತೇ ಆನ್‌ಲೈನ್‌ನಲ್ಲಿ ಸಲ್ಲಿಸಲು ಅಡ್ಡಿಯಿಲ್ಲ. ಮೇಳ ನಡೆಸುವವರು ಮಳಿಗೆ ನೋಂದಣಿಯ ನಮೂನೆಯಲ್ಲೇ ‘ಪೇಟೆಂಟ್ ಅರ್ಜಿ ಸಲ್ಲಿಸಿದ್ದೀರಾ?’ ಎಂಬ ಪ್ರಶ್ನೆಯನ್ನು ಸೇರಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಪೇಟೆಂಟ್ ವಕೀಲ, ತೀರ್ಥಹಳ್ಳಿ