ಸೊಂಟದ ಕೀಲು ಬದಲಿಸಿಕೊಂಡವರು ಫೈಲ್ ತೆಗೆದು ನೋಡಿ

ಎಲ್ಲರಿಗೂ ನಮಸ್ಕಾರ. ಸೊಂಟದ ಕೀಲಿನ ಆಪರೇಷನ್ ಆಗಿರುವ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಓದಿ. ಡಿಪ್ಯೂ ಕಂಪನಿ ತಾನು ತಯಾರಿಸಿದ ಎಎಸ್‌ಆರ್ (ASR) ಎಂಬ ಕೃತಕ ಸೊಂಟದ ಕೀಲನ್ನು 2010ರ ಆಗಸ್ಟ್‌ನಲ್ಲಿ ಎಲ್ಲ ದೇಶಗಳಿಂದ ವಾಪಸ್ ಪಡೆಯಿತು. ಕೀಲಿನಲ್ಲಿ ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ಎಂಬ ಲೋಹಗಳು ರಕ್ತಕ್ಕೆ ಸೇರುತ್ತಿದ್ದವು. ನಮ್ಮ ದೇಶದಲ್ಲೇ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಿದ್ದರು, ಎಷ್ಟೋ ಜನರಿಗೆ ವಿಷಯವೇ ಮುಟ್ಟಲಿಲ್ಲ, ಹೊಟ್ಟೆ ಉರಿಯುತ್ತೆ ಅಲ್ವಾ?

ಹಳೇ ಡಿಸ್ಚಾರ್ಜ್ ಫೈಲ್ ತೆಗೆಯಿರಿ. ಆಪರೇಷನ್ ವಿವರದ ಹಾಳೆಯಲ್ಲಿ ಸಾಮಾನ್ಯವಾಗಿ ಬಾರ್‌ಕೋಡ್ ಇರುವ ಚಿಕ್ಕ ಸ್ಟಿಕರ್‌ಗಳನ್ನು ಅಂಟಿಸಿರುತ್ತಾರೆ, ಕೀಲಿನ ಹೆಸರು, ಲಾಟ್ ನಂಬರ್ ಎಲ್ಲಾ ಅದರಲ್ಲೇ ಇರುತ್ತದೆ. ಈಗಲೇ ಫೋಟೊ ತೆಗೆದಿಟ್ಟುಕೊಳ್ಳಿ. ನಮ್ಮ ಅತ್ತೆಯ ಫೈಲಲ್ಲಿ ಅಕ್ಷರ ಮಾಸಿಹೋಗಿ, ಆಸ್ಪತ್ರೆಯ ರೆಕಾರ್ಡ್ ರೂಮಿಗೆ ಮೂರು ಸಲ ಅಲೆಯಬೇಕಾಯಿತು. ಎಎಸ್‌ಆರ್ ಅಂತ ಕಂಡರೆ, ನೋವಿಲ್ಲ ಅಂತ ಸುಮ್ನೆ ಇರಬೇಡಿ, ಮೂಳೆ ಡಾಕ್ಟರ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಬಗ್ಗೆ ಕೇಳಿ.